ಆ ಮಗು ಅವಳ ಮಗಳೆಂದು ಹೇಗೆ ಗೊತ್ತು?

ಮಾನ್ಯರೇ,

ಪ್ರಾಚೀನ ಯುರೋಪಿನ ಕೆಲ್ಟ್ ಜನರ ಗೋರಿಯನ್ನು ಕುರಿತ, ಕಳೆದ ಸಂಚಿಕೆಯ ‘ಕೆಲ್ಟಿಕ್ ರಾಜಕುಮಾರಿ ಮತ್ತು ಅವಳ ಮಗಳು’ ಲೇಖನವನ್ನು ಓದಿ ಕಾರ್ಕಳದಿಂದ ತಾವು ಬರೆದ ಪತ್ರ ತಲುಪಿದೆ. ಶಾಸನವೊಂದೂ ಇಲ್ಲದ ಗೋರಿಯಲ್ಲಿ ಮಲಗಿದ್ದವಳು ರಾಜಕುಮಾರಿಯೆಂದೂ ಹತ್ತಿರದ ಮಗು ಅವಳ ಮಗಳೆಂದೂ ಹೇಗೆ ತಿಳಿಯಿತೆಂದು ಕೇಳಿದ್ದೀರಿ. ‘ಮಗಳು’ ಎಂಬ ಪದವನ್ನು ನಾವು ಬಳಸಬಾರದಿತ್ತು.

ದಕ್ಷಿಣ ಜರ್ಮನಿಯ ಡ್ಯಾನ್ಯೂಬ್ ದಂಡೆಯಲ್ಲಿ, ಹೊಯ್ನೆಬುರ್ಗ್ ಕೋಟೆಗೆ ಸಮೀಪದ ಬೆಟೆಲ್‌ಬ್ಯೂಲ್ ಎಂಬಲ್ಲಿ 2005ರಲ್ಲಿ ಮೊದಲು ಸಿಕ್ಕದ್ದು ಎರಡರಿಂದ ನಾಲ್ಕು ವರ್ಷದ ಹೆಣ್ಣುಮಗುವಿನ ಗೋರಿ. ಹತ್ತಿರದಲ್ಲೇ ಇದ್ದ ಮರದ ಕೋಣೆಯನ್ನು 2010ರಲ್ಲಿ ಸುಮಾರು 80 ಟನ್ ತೂಕದ ಮಣ್ಣಿನ ಹೆಂಟೆಯ ಸಮೇತ ಕ್ರೇನಿನಿಂದ ಎತ್ತಿ ಸಾಗಿಸಿ, ಸೂರಿನಡಿ ನಿಧಾನವಾಗಿ ಬಿಡಿಸಿದರು. ನೆಲ ಸದಾ ಒದ್ದೆಯಾಗಿದ್ದುದರಿಂದ ಓಕ್ ಹಲಗೆಗಳು ಕೊಳೆತಿರಲಿಲ್ಲ; ಅವುಗಳ ಉಂಗುರಗಳಿಂದ ಮರ ಕಡಿದದ್ದು ಕ್ರಿ.ಪೂ. 583ರಲ್ಲಿ ಎಂದು ತಿಳಿಯಿತು. ಒಳಗಿದ್ದವಳಿಗೆ ಮೂವತ್ತರಿಂದ ನಲವತ್ತರ ವಯಸ್ಸು. ಅವಳದು ಚಿನ್ನ ಮತ್ತು ಅಂಬರಿನ (ಕಲ್ಲಾದ ಮರದ ಅಂಟಿನ) ಒಡವೆ, ಕಪ್ಪು ಜೆಟ್ ಕಲ್ಲಿನ ಬಳೆ. ಅದೇ ಕೋಣೆಯಲ್ಲಿ ಕಂಚಿನ ಒಡವೆಯಷ್ಟೇ ಇದ್ದ ಇನ್ನೊಂದು ದೇಹವೂ, ಕುದುರೆಯ ಹಣೆಗೆ ಕಟ್ಟುವ ಕಂಚಿನ ತಗಡೂ ಇದ್ದವು.

ಮಗುವಿನ ಚಿನ್ನವೂ ಇವಳ ಚಿನ್ನವೂ ಒಂದೇ ಅಕ್ಕಸಾಲಿಗನ ಕೆಲಸವೆನ್ನುವಷ್ಟು ಹೋಲುತ್ತವೆ. ನಮ್ಮ ಲೇಖನ ಎಡವಿದ್ದು ಇಲ್ಲೇ. ಒಂದೇ ಅಂಗಡಿಯ ಒಡವೆ ಒಂದೇ ಮನೆತನವನ್ನು ಸೂಚಿಸಬಹುದು. ದೊಡ್ಡವಳು ಮಗುವಿಗೆ ತಾಯಿಯೋ, ಅಜ್ಜಿಯೋ, ಸೋದರತ್ತೆಯೋ ಎಂಬುದನ್ನು ಚಿನ್ನ ಹೇಳುವುದಿಲ್ಲ. ‘ರಾಜಕುಮಾರಿ’ ಎಂಬುದೂ ಗೋರಿಯ ಸಿರಿವಂತಿಕೆಯನ್ನು ನೋಡಿ ಇಟ್ಟ ಹೆಸರು. ಆ ವಯಸ್ಸಿನವಳಿಗೆ ‘ಅರಸುಮನೆತನದ ಹೆಂಗಸು’ ಎಂದಿದ್ದರೆ ಹೆಚ್ಚು ಸರಿಯಿತ್ತು.

ರಕ್ತಸಂಬಂಧವನ್ನೇ ಗುರುತಿಸಿದ ನಿದರ್ಶನ ಬೇರೆಡೆಯದು. ಸ್ಟುಟ್‌ಗಾರ್ಟ್ ಸಮೀಪದ ಹೋಖ್‌ಡೋರ್ಫ್‌ನ ಗೋರಿದಿಬ್ಬದಲ್ಲಿ 1.87 ಮೀಟರ್ ಎತ್ತರದ ಒಡೆಯನೊಬ್ಬನನ್ನು ಕಂಚಿನ ಮಂಚದ ಮೇಲೆ ಮಲಗಿಸಿದ್ದರು. ಅವನ ಪಾದರಕ್ಷೆಗೂ ಚಿನ್ನದ ತಗಡಿತ್ತು. ಸುಮಾರು ಹತ್ತು ಕಿಲೋಮೀಟರ್ ದೂರದ ಗ್ರಾಫೆನ್‌ಬ್ಯೂಲ್ ದಿಬ್ಬದಲ್ಲಿದ್ದವನು ಬಹುಪಾಲು ಅವನ ಸೋದರಳಿಯನೇ ಎಂದು 2024ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿತು. ಎರಡು ದಿಬ್ಬಗಳನ್ನು ಬೆಸೆದವಳು ಒಬ್ಬನಿಗೆ ಸಹೋದರಿ, ಇನ್ನೊಬ್ಬನಿಗೆ ತಾಯಿ. ನನ್ನ ಮಟ್ಟಿಗೆ, ರಾಜಕುಮಾರಿಯೆಂಬ ಹೆಸರು ಹೆಚ್ಚು ಸಲ್ಲುವುದು ಇವಳಿಗೇ.

ಇದು ಸೋದರಳಿಯನ ಕಡೆಗೆ ವಾರಸುದಾರಿಕೆ ಸಾಗುವ ನಮ್ಮ ಅಳಿಯಸಂತಾನವೇ ಅಲ್ಲವೇ ಎಂದೂ ಕೇಳಿದ್ದೀರಿ. ಪದವಿ ತಾಯಿಯ ಕಡೆಯಿಂದ ಬಂದಿರಬೇಕೆಂದು ಸಂಶೋಧಕರೂ ವಾದಿಸುತ್ತಾರೆ. ಆದರೆ ತಮ್ಮೂರಿನ ಆ ಕಟ್ಟಿನಲ್ಲಿ ಯಜಮಾನ, ಕವರು (ತಾಯಿಯ ಕಡೆಯ ಕವಲು), ಪಾಲು ಎಂದು ಆಸ್ತಿಯ ಲೆಕ್ಕವೆಲ್ಲ ಇತ್ತು. ಒಂದು ಜೋಡಿ ಮಾವ-ಅಳಿಯರಿಂದ ಅಷ್ಟನ್ನು ಕಟ್ಟಲಾಗದು.

ಮುಂದಿನ ಸಂಚಿಕೆಯ ತಿದ್ದುಪಡಿಯಲ್ಲಿ ‘ಅವಳ ಮಗಳು’ ಎಂಬುದು ‘ಅವಳ ಬಳಿಯ ಮಗು’ ಎಂದಾಗಲಿದೆ.

— ಸಂಪಾದಕ