ತೈಲದ ಕಾಲ ಮುಗಿಯಿತು ಅಂತ ಸಮ್ಮೇಳನ ಬಿಡಬೇಕಾ?

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೀರಿ. ತೈಲಕ್ಕೇ ಭವಿಷ್ಯವಿಲ್ಲ ಅನ್ನುವಾಗ ಅಂತರರಾಷ್ಟ್ರೀಯ ಪೆಟ್ರೋಲಿಯಂ ಭೂವಿಜ್ಞಾನ ಸಮ್ಮೇಳನಕ್ಕೆ ಹೋಗುವುದು ಸುಮ್ನೆ ದುಡ್ಡು ದಂಡ ಅಲ್ವಾ ಎಂದು ಕೇಳಿದ್ದೀರಿ. ಹೋಗಿ ಅಂತಲೇ ನಾನು ಹೇಳುತ್ತೇನೆ. ತೈಲ ಹುಡುಕುವ ವಿದ್ಯೆ ಬೇರೆ ಕೆಲಸಗಳಿಗೂ ಬರುತ್ತದೆ.

ಸಣ್ಣ ರಂಧ್ರಗಳಿರುವ ಮರಳುಗಲ್ಲು, ಅದರ ಮೇಲೆ ಏನನ್ನೂ ಸೋರಲು ಬಿಡದ ಜೇಡಿಗಲ್ಲು. ತೈಲ ಸಿಗುವುದು ಇಂಥ ಕಡೆ. ಇಂಥದ್ದೇ ಜಾಗದಲ್ಲಿ, ಭೂಮಿಯನ್ನು ಬಿಸಿ ಮಾಡುವ ಕಾರ್ಬನ್ ಡೈಆಕ್ಸೈಡನ್ನೂ ಗಾಳಿಗೆ ಸೇರದಂತೆ ತುಂಬಿಡಬಹುದು. ಇದೇ ಇಂಗಾಲ ಸಂಗ್ರಹ. ನಾರ್ವೆಯ ಸಮುದ್ರದಲ್ಲಿರುವ ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ 1996ರಲ್ಲೇ ಇದನ್ನು ಶುರು ಮಾಡಿದರು. ಅಲ್ಲಿನ ನೈಸರ್ಗಿಕ ಅನಿಲದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ. ಬೇರ್ಪಡಿಸಿ ಗಾಳಿಗೆ ಬಿಟ್ಟರೆ ತೆರಿಗೆ ಕಟ್ಟಬೇಕು (ತೆರಿಗೆ ಅಂದರೆ ಎಲ್ಲರಿಗೂ ಬುದ್ಧಿ ಓಡುತ್ತದೆ!). ಹಾಗಾಗಿ ಸಮುದ್ರದಡಿ, ಸುಮಾರು ಒಂದು ಕಿಲೋಮೀಟರ್ ಆಳದ ಉತ್ಸಿರಾ ಎಂಬ ಮರಳುಗಲ್ಲಿನ ಪದರಕ್ಕೆ ಪಂಪ್ ಮಾಡಿದರು. ಅದು ಎಲ್ಲಿಗೆ ಹರಡುತ್ತಿದೆ ಎಂದು ನೋಡಲು ಬೇಕಾದದ್ದು ತೈಲ ಹುಡುಕುವಾಗ ಮಾಡುವ ಅದೇ ಸೈಸ್ಮಿಕ್ ಸರ್ವೆ, ಅಂದರೆ ನೆಲದೊಳಗೆ ಕಂಪನದ ಅಲೆ ಕಳಿಸಿ, ತಿರುಗಿ ಬಂದದ್ದರಿಂದ ಒಳಗಿನ ಚಿತ್ರ ಪಡೆಯುವುದು. ನಮ್ಮಲ್ಲೂ ಲಡಾಖ್‌ನ ಪುಗಾದಲ್ಲಿ ಭೂಶಾಖಕ್ಕಾಗಿ (ನೆಲದೊಳಗಿನ ಬಿಸಿಯಿಂದ ವಿದ್ಯುತ್ ಪಡೆಯಲು) ಬಾವಿ ಕೊರೆಯಲು ಹೋದದ್ದು ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯೇ.

ವಿದ್ಯಾರ್ಥಿಗಳಿಗೆ ಶುಲ್ಕದಲ್ಲಿ ರಿಯಾಯಿತಿ ಇದೆಯಾ ಅಂತ ಮೊದಲೇ ವಿಚಾರಿಸಿ. ಅಲ್ಲಿ ದೊಡ್ಡವರ ಉದ್ಘಾಟನಾ ಭಾಷಣ ತಪ್ಪಿದರೂ ಪರವಾಗಿಲ್ಲ. ಸಂಶೋಧಕರು ತಮ್ಮ ಕೆಲಸ ವಿವರಿಸಿ ಹಾಕಿರುವ ಪೋಸ್ಟರ್‌ಗಳ ಮುಂದೆ ನಿಂತು ಅವರ ಜೊತೆ ಮಾತಾಡಿ. ಇಂಗಾಲ ಸಂಗ್ರಹದ ಬಗ್ಗೆ ಗೋಷ್ಠಿ ಇದ್ದರೆ ಮಾತ್ರ ಊಟ ಬಿಟ್ಟಾದರೂ ಹೋಗಿ ಕೂರಿ.