ಎಲ್ಲವನ್ನೂ ಒಂದೇ ಟೇಬಲ್‌ನಲ್ಲಿ ಹಾಕಿದರೆ ಏನು ತೊಂದರೆ?

ನಿಮ್ಮ ಪ್ರಶ್ನೆ ಇಷ್ಟು: ಬಿಸಿಎ ಎರಡನೇ ವರ್ಷ, ಹಾಸ್ಟೆಲ್ ಮೆಸ್ ಬಿಲ್‌ನ ಪ್ರಾಜೆಕ್ಟ್, 22 ಕಾಲಂ ಇರುವ ಒಂದೇ ಟೇಬಲ್. ನಾರ್ಮಲೈಸೇಷನ್ (ಒಂದೊಂದು ಸಂಗತಿ ಒಂದೇ ಕಡೆ ಇರುವಂತೆ ಟೇಬಲ್ ಒಡೆಯುವ ನಿಯಮಗಳು) ಬಾಯಿಪಾಠ ಆಗಿದೆ, ಆದರೆ ಟೇಬಲ್ಲನ್ನು ಎಲ್ಲಿ ಒಡೆಯಬೇಕು ಅಂತ ಗೊತ್ತಾಗುತ್ತಿಲ್ಲ. ಸುಮ್ನೆ ಓಡುತ್ತಿರುವುದನ್ನು ಒಡೆಯುವುದಾದರೂ ಯಾಕೆ ಅಂತಲೂ ಕೇಳಿದ್ದೀರಿ.

ನಾನೂ ಒಂದೇ ಟೇಬಲ್ ಮಾಡಿದವನೇ. 2018ರಲ್ಲಿ ಒಂದು ಹಳ್ಳಿಯ ಹಾಲಿನ ಡೇರಿಗೆ ಸಣ್ಣ ಪ್ರೋಗ್ರಾಂ ಬರೆದುಕೊಟ್ಟೆ. ಸುಮಾರು 180 ಸದಸ್ಯರು, ದಿನಕ್ಕೆ ಎರಡು ಹೊತ್ತು ಹಾಲು. ಪ್ರತಿ ರೋನಲ್ಲೂ, ಅಂದರೆ ಅಡ್ಡಸಾಲಿನಲ್ಲೂ, ಸದಸ್ಯರ ನಂಬರ್, ಹೆಸರು, ಫೋನ್, ಬ್ಯಾಂಕ್, ಶಾಖೆ, ಐಎಫ್‌ಎಸ್‌ಸಿ (ಶಾಖೆಯ ಕೋಡ್), ಖಾತೆ ನಂಬರ್, ತಾರೀಕು, ಹೊತ್ತು, ಲೀಟರ್, ಫ್ಯಾಟ್, ದರ, ಮೊತ್ತ. ಸೆಕ್ರೆಟರಿಯ ಎಕ್ಸೆಲ್ ಶೀಟ್ ಹಾಗೇ ಇತ್ತು, ನಾನು ಅದನ್ನೇ ಇಳಿಸಿದೆ. ಒಬ್ಬರ ಹೆಸರು ವರ್ಷಕ್ಕೆ 730 ಸಲ! ಜಾಗ ಹಾಳಾಗುತ್ತದೆ ಅಂತ ಪುಸ್ತಕಗಳು ಹೆದರಿಸುತ್ತವೆ. ಇಡೀ ಡೇರಿಗೆ ವರ್ಷಕ್ಕೆ 1,31,400 ರೋ. ಈಗಿನ ಕಂಪ್ಯೂಟರಿಗೆ ಅದೊಂದು ಲೆಕ್ಕವೇ ಅಲ್ಲ.

ಪೆಟ್ಟು ಬಿದ್ದಿದ್ದು ಬೇರೆ ಕಡೆಯಿಂದ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಖಾತೆ ನಂಬರ್ ಹಾಗೇ ಉಳಿಯಿತು, ಐಎಫ್‌ಎಸ್‌ಸಿ ಬದಲಾಯಿತು. ಹಳೆಯ ಕೋಡ್ ನಡೆಯುತ್ತಿದ್ದದ್ದು 2021ರ ಜೂನ್ 30ರವರೆಗೆ. ನಮ್ಮ ಸದಸ್ಯರಲ್ಲಿ ಎಷ್ಟೋ ಜನರ ಖಾತೆ ಅಲ್ಲೇ ಇತ್ತು. ಸೆಕ್ರೆಟರಿ ಹೊಸ ರೋಗಳಿಗೆ ಹೊಸ ಕೋಡ್ ಹಾಕುತ್ತಾ ಹೋದರು, ಹಳೆಯವು ಹಾಗೇ ಉಳಿದವು. ನನ್ನ ಪ್ರೋಗ್ರಾಂ ಪಾವತಿ ಪಟ್ಟಿಯನ್ನು ಸದಸ್ಯರ ನಂಬರ್ ಮತ್ತು ಐಎಫ್‌ಎಸ್‌ಸಿ ಮೇಲೆ ಗುಂಪು ಮಾಡುತ್ತಿತ್ತು. ಒಂದೇ ಸದಸ್ಯರು ಪಟ್ಟಿಯಲ್ಲಿ ಎರಡು ಸಲ ಬಂದರು: ಅರ್ಧ ದುಡ್ಡು ಹಳೆಯ ಕೋಡಿಗೆ, ಅರ್ಧ ಹೊಸದಕ್ಕೆ. ಶಾಖೆಯ ಹೆಸರಂತೂ ಮೂರು ಥರದ ಕಾಗುಣಿತದಲ್ಲಿತ್ತು. ಸರಿ ಮಾಡಲು ಎರಡು ಭಾನುವಾರ ಹೋದವು.

ಪಠ್ಯದಲ್ಲಿ ಇದಕ್ಕೆ ಅಪ್‌ಡೇಟ್ ಅನಾಮಲಿ ಅಂತಾರೆ. ಒಂದೇ ಸಂಗತಿ ಸಾವಿರ ಕಡೆ ಬರೆದಿದ್ದರೆ, ಬದಲಾಯಿಸುವಾಗ ಎಲ್ಲೋ ಒಂದು ಕಡೆ ತಪ್ಪಿಯೇ ತಪ್ಪುತ್ತದೆ. ಇದರ ಅಣ್ಣತಮ್ಮಂದಿರು ಇನ್ನಿಬ್ಬರಿದ್ದಾರೆ. ಹೊಸದಾಗಿ ಸದಸ್ಯರಾದವರ ಹಸು ಇನ್ನೂ ಕರು ಹಾಕಿಲ್ಲ ಅನ್ನಿ, ಹಾಲಿಲ್ಲ, ಹಾಗಾಗಿ ಅವರ ಹೆಸರು ಬರೆಯಲು ರೋ ಇಲ್ಲ. ಇನ್ನೊಬ್ಬರು ಹಾಲು ಹಾಕೋದು ನಿಲ್ಲಿಸಿ ಎರಡು ವರ್ಷವಾಗಿದೆ. ಹಳೆಯ ರೋ ಅಳಿಸಿದರೆ ಅವರು ಸದಸ್ಯರಾಗಿದ್ದರು ಅನ್ನೋದೇ ಅಳಿಸಿಹೋಗುತ್ತದೆ.

ಹಾಗಾದರೆ ಎಲ್ಲಿ ಒಡೆಯೋದು? ಪ್ರತಿ ಕಾಲಂ ಮೇಲೆ ಬೆರಳಿಟ್ಟು ಕೇಳಿ: ಇದು ಯಾವುದರ ಬಗ್ಗೆ ಹೇಳುತ್ತಿದೆ? ಲೀಟರ್, ಫ್ಯಾಟ್ ಎರಡೂ ಆ ಸದಸ್ಯರು ಆ ದಿನ ಆ ಹೊತ್ತು ತಂದ ಹಾಲಿನ ಬಗ್ಗೆ. ಫೋನ್ ನಂಬರಿಗೆ ದಿನವೂ ಬೇಡ ಹೊತ್ತೂ ಬೇಡ, ಅದು ಸದಸ್ಯರ ಬಗ್ಗೆ. ಶಾಖೆಯ ಹೆಸರು ಸದಸ್ಯರದ್ದೂ ಅಲ್ಲ, ಬ್ಯಾಂಕ್ ಶಾಖೆಯದ್ದು. ಮೂರು ವಿಷಯ, ಮೂರು ಟೇಬಲ್: ಸದಸ್ಯರು, ಶಾಖೆ, ಹಾಲು. ನೀವು ಬಾಯಿಪಾಠ ಮಾಡಿದ್ದೂ ಇದನ್ನೇ. ಕೀಯ (ಒಂದು ರೋವನ್ನು ಉಳಿದವುಗಳಿಂದ ಬೇರೆಯಾಗಿ ಗುರುತಿಸುವ ಕಾಲಂಗಳ) ಅರ್ಧ ಭಾಗದ ಮೇಲೆ ಮಾತ್ರ ನಿಂತ ಕಾಲಂ, ಅಂದರೆ ಫೋನ್, ಹೊರಗೆ ಹೋದರೆ ಎರಡನೇ ನಾರ್ಮಲ್ ಫಾರ್ಮ್. ಇನ್ನೊಂದು ಕಾಲಂನ ಹೆಗಲ ಮೇಲೆ ಕೂತ ಕಾಲಂ, ಅಂದರೆ ಶಾಖೆಯ ಹೆಸರು, ಹೊರಗೆ ಹೋದರೆ ಮೂರನೆಯದು. ಒಂದೇ ಸೆಲ್‌ನಲ್ಲಿ ಬೆಳಿಗ್ಗೆ ಸಂಜೆ ಎರಡನ್ನೂ ಕಾಮಾ ಹಾಕಿ ತುರುಕಬಾರದು ಅನ್ನೋದು ಮೊದಲನೆಯದು.

ಒಡೆದ ಟೇಬಲ್‌ಗಳು ಮತ್ತೆ ಸೇರೋದು ಬರೀ ಮೌಲ್ಯದಿಂದ: ಹಾಲಿನ ರೋನಲ್ಲಿ 314 ಅಂತಿದ್ದರೆ, ಸದಸ್ಯರ ಟೇಬಲ್‌ನಲ್ಲೂ 314 ಹುಡುಕಿ. ಈಗ ಇದು ತೀರಾ ಸಾಮಾನ್ಯ ಅನಿಸುತ್ತೆ ಅಲ್ವಾ? ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ತಮ್ಮ ಪ್ರಬಂಧ ಪ್ರಕಟಿಸಿದಾಗ ಇದು ಹೊಸತು. ಆಗಿನ ವ್ಯವಸ್ಥೆಗಳಲ್ಲಿ ಯಾವ ದಾಖಲೆಯಿಂದ ಯಾವುದಕ್ಕೆ ದಾರಿ ಇದೆ ಅಂತ ಪ್ರೋಗ್ರಾಂಗೇ ಗೊತ್ತಿರಬೇಕಿತ್ತು. ಅಂದಹಾಗೆ ಇಂಥ ಡೇಟಾಬೇಸ್‌ಗೆ ರಿಲೇಷನಲ್ ಅನ್ನೋ ಹೆಸರು ಟೇಬಲ್‌ಗಳ ನಡುವಿನ ಸಂಬಂಧದಿಂದ ಬಂದದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಗಣಿತದಲ್ಲಿ ರಿಲೇಷನ್ ಅಂತ ಒಂದಿದೆ, ಟೇಬಲ್ ಅನ್ನೋದೇ ಆ ರಿಲೇಷನ್. ವೈವಾದಲ್ಲಿ ಕೇಳಿದರೂ ಕೇಳಬಹುದು.

ಇನ್ನು ಕೀ. ಹಾಲಿನ ಟೇಬಲ್‌ಗೆ ಸದಸ್ಯರ ನಂಬರ್, ತಾರೀಕು, ಹೊತ್ತು, ಈ ಮೂರೂ ಸೇರಿ ಪ್ರೈಮರಿ ಕೀ ಅಂತ ಇಟ್ಟೆ. ಒಂದು ಹೊತ್ತಿಗೆ ಒಬ್ಬರು ಒಂದೇ ಸಲ ಹಾಲು ಹಾಕುತ್ತಾರೆ, ಇನ್ನೇನು? ಮೂರನೇ ದಿನ ಸೆಕ್ರೆಟರಿ ಫೋನ್: 'ಎಮ್ಮೆ ಹಾಲು ತಗೊಳ್ತಾ ಇಲ್ಲ ನಿಮ್ಮ ಕಂಪ್ಯೂಟರು!' ಒಬ್ಬರ ಮನೆಯಲ್ಲಿ ಹಸುವೂ ಇದೆ, ಎಮ್ಮೆಯೂ ಇದೆ. ಎರಡು ಕ್ಯಾನ್, ಎರಡು ಫ್ಯಾಟ್, ಎರಡು ದರ. ಹಾಲಿನ ಬಗೆಯನ್ನೂ ಕೀಗೆ ಸೇರಿಸಬೇಕಾಯಿತು. ಯಾವ ನಾರ್ಮಲ್ ಫಾರ್ಮ್ ಕೂಡ ಇದನ್ನು ಹೇಳಿಕೊಡುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಡೇರಿ ಮುಂದೆ ಅರ್ಧ ಗಂಟೆ ನಿಂತಿದ್ದರೆ ಗೊತ್ತಾಗುತ್ತಿತ್ತು.

ಶಾಖೆಯ ಟೇಬಲ್‌ಗೆ ಐಎಫ್‌ಎಸ್‌ಸಿಯನ್ನೇ ಪ್ರೈಮರಿ ಕೀ ಮಾಡಬಹುದಲ್ಲ ಅಂತ ನಿಮಗೆ ಅನಿಸಬಹುದು. 11 ಅಕ್ಷರ, ದೇಶಕ್ಕೆಲ್ಲ ಒಂದೇ, ಚೆನ್ನಾಗೇ ಇದೆ. ಆದರೆ ಮೇಲೆ ನೋಡಿದಿರಲ್ಲ, ಅದೂ ಬದಲಾಗುತ್ತೆ. ಹೊರಗಿನವರು ಕೊಟ್ಟ ನಂಬರನ್ನು ನಾನೀಗ ಪ್ರೈಮರಿ ಕೀ ಮಾಡೋದಿಲ್ಲ. ನನ್ನದೇ ಒಂದು ಸಾದಾ ಐಡಿ ಇಟ್ಟು, ಐಎಫ್‌ಎಸ್‌ಸಿ ಮೇಲೆ ಯುನಿಕ್ (ಒಂದೇ ಕೋಡ್ ಎರಡು ಸಲ ಬರದಂತೆ ತಡೆ) ಹಾಕುತ್ತೇನೆ. ಇದರ ಬಗ್ಗೆ ಜಗಳವಾಡುವವರು ಜಾಸ್ತಿ ಇದ್ದಾರೆ. ಆಡಲಿ.

ಫಾರಿನ್ ಕೀ (ಈ ನಂಬರ್ ಇನ್ನೊಂದು ಟೇಬಲ್‌ನಲ್ಲಿ ಇರಲೇಬೇಕು ಅನ್ನೋ ನಿಯಮ) ಬರೆದರೆ ಸಾಲದು, ಕೆಲಸ ಮಾಡುತ್ತಿದೆಯಾ ನೋಡಿ. ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್‌ನಲ್ಲಿ ಆ ತಪಾಸಣೆ ಸಾಮಾನ್ಯವಾಗಿ ಆಫ್ ಆಗಿಯೇ ಬರುತ್ತದೆ, ಪ್ರತಿ ಕನೆಕ್ಷನ್‌ಗೂ ಆನ್ ಮಾಡಬೇಕು. ನಾನು ಮಾಡಿರಲಿಲ್ಲ. 314ರ ಬದಲು 341 ಅಂತ ಒತ್ತಿದಾಗ ಆ ನಂಬರಿನ ಸದಸ್ಯರೇ ಇಲ್ಲದಿದ್ದರೂ ಹಾಲು ಒಳಗೆ ಹೋಗಿ ಕೂತಿತು. ತಿಂಗಳ ಕೊನೆಗೆ 9 ಲೀಟರ್ ಯಾರದು ಅಂತ ಹುಡುಕಿದ್ದೇ ಹುಡುಕಿದ್ದು.

ಸಣ್ಣಪುಟ್ಟವು ಬೇಗ ಹೇಳಿಬಿಡುತ್ತೇನೆ. ದುಡ್ಡಿಗೆ ಫ್ಲೋಟ್ (ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಬಗೆ) ಬೇಡ, ಡೆಸಿಮಲ್ ಇಡಿ, ಇಲ್ಲವೇ ಪೈಸೆಯಲ್ಲಿ ಪೂರ್ಣಾಂಕ. ಫೋನ್ ಮತ್ತು ಖಾತೆ ನಂಬರ್ ಟೆಕ್ಸ್ಟ್ ಆಗಿರಲಿ, ಇಲ್ಲದಿದ್ದರೆ ಮೊದಲಿಗಿರುವ ಸೊನ್ನೆ ಹಾರಿಹೋಗುತ್ತೆ. ಕನ್ನಡದಲ್ಲಿ ಹೆಸರು ಬರೆಯುವುದಾದರೆ ಕಾಲಂ ಅಗಲ ಧಾರಾಳವಾಗಿರಲಿ: 'ಕೃಷ್ಣಮೂರ್ತಿ' ಕಣ್ಣಿಗೆ ನಾಲ್ಕೇ ಅಕ್ಷರ, ಯೂನಿಕೋಡ್‌ನಲ್ಲಿ 11 ಚಿಹ್ನೆ, ಯುಟಿಎಫ್-8ರಲ್ಲಿ 33 ಬೈಟ್.

ಒಡೆಯುವ ಹುಮ್ಮಸ್ಸಿನಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ದರ ಪ್ರತಿ ರೋನಲ್ಲೂ ಯಾಕೆ ಬೇಕು ಅಂತ ತೆಗೆದು, ಈಗಿನ ದರವನ್ನು ಮಾತ್ರ ಬೇರೆ ಟೇಬಲ್‌ಗೆ ಹಾಕಿದೆ. ದರ ಬದಲಾದ ಮರುದಿನ ಒಬ್ಬರು ಹಳೆಯ ತಿಂಗಳ ಬಿಲ್ ಇನ್ನೊಮ್ಮೆ ಪ್ರಿಂಟ್ ಕೇಳಿದರು. ಮೊತ್ತವೇ ಬೇರೆ ಬಂತು! ಅವರ ಕೈಯಲ್ಲಿ ಹಳೆಯ ಚೀಟಿ ಇತ್ತು, ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿನ ದರ ಒಂದು ಸಂಗತಿ, ಆ ದಿನ ಕೊಟ್ಟ ದರ ಇನ್ನೊಂದು ಸಂಗತಿ. ಎರಡನೆಯದು ಹಾಲಿನ ರೋನಲ್ಲೇ ಇರಬೇಕು.

ನಿಮ್ಮ 22 ಕಾಲಂಗಳಲ್ಲಿ ರೂಂ ನಂಬರ್ ಅಂತ ಒಂದಿದೆ. ವಿದ್ಯಾರ್ಥಿಯ ಟೇಬಲ್‌ಗೆ ಹಾಕುವ ಮುಂಚೆ ಮೆಸ್ ನೋಡಿಕೊಳ್ಳುವವರನ್ನು ಒಂದು ಮಾತು ಕೇಳಿ: ಹುಡುಗರು ಸೆಮಿಸ್ಟರ್ ಮಧ್ಯೆ ರೂಂ ಬದಲಾಯಿಸುತ್ತಾರಾ, ಬದಲಾಯಿಸಿದರೆ ಹಳೆಯ ಬಿಲ್‌ನಲ್ಲಿ ಯಾವ ರೂಂ ಕಾಣಬೇಕು? ಅವರು ಏನಂದರು ಅಂತ ಕಾಮೆಂಟ್‌ನಲ್ಲಿ ತಿಳಿಸಿ, ಆ ಟೇಬಲ್ ಒಟ್ಟಿಗೇ ಬರೆಯೋಣ.