ಓದುಗರ ಪ್ರಶ್ನೆ: ಪದಬಂಧದ ಒಳಗಿನ ಎಳೆ

ಪ್ರಶ್ನೆ: ಸಾದಾ ಪದಬಂಧ ಸಲೀಸಾಗಿ ತುಂಬುತ್ತೇನೆ. ಮೇಲೊಂದು ಶೀರ್ಷಿಕೆ ಕೊಟ್ಟು, ‘ನಾಲ್ಕು ಉತ್ತರಗಳಿಗೆ ಒಂದೇ ನಂಟು’ ಎಂದು ಬರೆದಿದ್ದರೆ ಮಾತ್ರ ಕೈ ಓಡುವುದಿಲ್ಲ. ಮೊದಲು ನಂಟು ಹುಡುಕಬೇಕೋ, ಮನೆ ತುಂಬಬೇಕೋ?

ಉತ್ತರ: ಮನೆ ತುಂಬಿ. ಬರೀ ಶೀರ್ಷಿಕೆ ನೋಡಿ ನಂಟು ಊಹಿಸಿಕೊಂಡರೆ, ಆಮೇಲೆ ಎಲ್ಲ ಸುಳಿವನ್ನೂ ಆ ಊಹೆಗೇ ಬಗ್ಗಿಸುತ್ತ ಕೂರುತ್ತೇವೆ. ನಂಟಿನ ಪದಗಳು ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಸಾಗುವ ಉದ್ದನೆಯ ಪದಗಳು. ಅವುಗಳ ಮೇಲೆ ಹಾದು ಇಳಿಯುವ ಎರಡು-ಮೂರು ಅಕ್ಷರದ ಸುಲಭದ ಸುಳಿವುಗಳಿಂದ ಶುರುಮಾಡಿ. ನಂಟಿನ ಎರಡು ಪದ ಪೂರ್ತಿಯಾದ ಮೇಲೆ ಪೆನ್ಸಿಲ್ ಕೆಳಗಿಟ್ಟು ಶೀರ್ಷಿಕೆ ಮತ್ತೆ ಓದಿ. ಒಂದೇ ಪದ ಸಿಕ್ಕಾಗ ಅವಸರ ಬೇಡ, ಅದರಲ್ಲಿ ಯಾವ ಭಾಗ ಮುಖ್ಯ ಎಂಬುದು ಇನ್ನೊಂದರ ಪಕ್ಕ ಇಟ್ಟಾಗಲೇ ಕಾಣುವುದು.

ಶೀರ್ಷಿಕೆ ‘ಅಡಿಯಿಂದ ಮುಡಿಗೆ’ ಎಂದಿಟ್ಟುಕೊಳ್ಳಿ. ಕೆಳಸಾಲಿನ ಸುಳಿವು ‘ನಾಲ್ಕರಲ್ಲೊಂದು (4)’, ಉತ್ತರ ಕಾಲುಭಾಗ; ಆವರಣದಲ್ಲಿರುವುದು ಉತ್ತರದ ಅಕ್ಷರಗಳ ಸಂಖ್ಯೆ. ಮೇಲುಸಾಲಿನ ‘ಪೀಳಿಗೆ (4)’ ತಲೆಮಾರು. ಒಂದರಲ್ಲಿ ಕಾಲು, ಇನ್ನೊಂದರಲ್ಲಿ ತಲೆ. ಅಂದರೆ ಪ್ರತಿ ಪದವೂ ಒಂದೊಂದು ಅಂಗದಿಂದ ಶುರುವಾಗುತ್ತದೆ, ಸಾಲುಗಳೂ ದೇಹದ ಕ್ರಮದಲ್ಲೇ ಇವೆ. ಈಗ ನಡುವಿನ ‘ಮತ್ಸರ (4)’ ನೋಡಿ. ‘ಅಸಹನೆ’ ಎಂದು ಬರೆಯುವ ಆಸೆಯಾಗುತ್ತದೆ, ಲೆಕ್ಕವೂ ಕೂಡಿಬರುತ್ತದೆ. ಆದರೆ ಅದರ ಎರಡನೇ ಮನೆಯಲ್ಲಿ ಬಂದು ಮುಗಿಯುವ ‘ನೀರಿಗೆ ಅಡ್ಡ ಹಾಕಿದ್ದು (2)’ ಎಂಬುದು ‘ಕಟ್ಟೆ’. ಅಲ್ಲಿ ಬೇಕಾದ್ದು ‘ಟ್ಟೆ’, ‘ಸ’ ಅಲ್ಲ. ಎರಡನೇ ಅಕ್ಷರ ‘ಟ್ಟೆ’ ಇರುವ ಅಂಗ? ಹೊಟ್ಟೆ. ಉತ್ತರ ಹೊಟ್ಟೆಕಿಚ್ಚು. ಅದರ ಮೇಲಿನ ‘ಗುಟ್ಟಾಗಿ ಹೇಳಿದ ಹಿತನುಡಿ (4)’ ಕಿವಿಮಾತು ಎಂದು ಬರೆಯಲು ಮೇಲಿನಿಂದ ಇಳಿಯುವ ಪದಗಳ ನೆರವೇ ಬೇಡ.

ತಲೆಮಾರಿನಲ್ಲಿ ನಿಜವಾದ ತಲೆಯಿಲ್ಲ, ಕಾಲುಭಾಗದಲ್ಲಿ ನಡೆಯುವ ಕಾಲಿಲ್ಲ. ಥೀಮಿನ ಸೊಗಸಿರುವುದು ಅಲ್ಲೇ. ‘ತಲೆನೋವು’, ‘ಕಾಲುಚೀಲ’ ಇಟ್ಟಿದ್ದರೂ ಮನೆ ತುಂಬುತ್ತಿತ್ತು, ಆದರೆ ಸಪ್ಪೆ. ಈ ಲೆಕ್ಕದಲ್ಲಿ ಕಿವಿಮಾತಿಗೆ ಸ್ವಲ್ಪ ಕಡಿಮೆ ಅಂಕವೇ.

ಪ್ರಶ್ನೆ: ‘ಸ್ವಾತಂತ್ರ್ಯ’ಕ್ಕೆ ಎಷ್ಟು ಮನೆ? ‘ಬಸ್’ಗೆ?

ಉತ್ತರ: ಸ್ವಾ-ತಂ-ತ್ರ್ಯ, ಮೂರು. ಒತ್ತು, ಕಾಗುಣಿತ, ಸೊನ್ನೆ ಎಲ್ಲವೂ ಆಯಾ ಅಕ್ಷರದ ಮನೆಯೊಳಗೇ. ಸೂರ್ಯ ಎರಡು: ಸೂ, ರ್ಯ. ‘ಬಸ್’ನ ಕೊನೆಯ ‘ಸ್’ಗೆ ಸಾಮಾನ್ಯವಾಗಿ ಬೇರೆ ಮನೆ ಕೊಡುತ್ತಾರೆ, ಆವರಣದ ಸಂಖ್ಯೆ ನೋಡಿ ಖಾತ್ರಿ ಮಾಡಿಕೊಳ್ಳಿ. ಅಡ್ಡಪದದ ‘ಕಿ’ ಇಳಿಪದದ ‘ಕೀ’ಗೆ ಹೊಂದುವುದಿಲ್ಲ, ಹ್ರಸ್ವ-ದೀರ್ಘದಲ್ಲಿ ರಾಜಿಯಿಲ್ಲ. ಇನ್ನೊಂದು ಉಪಯೋಗದ ಸಂಗತಿ: ಟ್ಟೆ, ಳ್ಳಿ, ಚ್ಚು ಇಂಥ ಸಜಾತೀಯ ಒತ್ತಿನಿಂದ ಕನ್ನಡದ ಪದ ಶುರುವಾಗುವುದಿಲ್ಲ. ಇನ್ನೊಂದು ಪದದ ಮೊದಲ ಮನೆಗೆ ಇಂಥದ್ದು ಬಂದು ಕೂತರೆ ನೀವು ಈಗ ಬರೆದದ್ದು ತಪ್ಪು, ಅಲ್ಲೇ ಅಳಿಸಿ.

ಪ್ರಶ್ನೆ: ಮಹಾಭಾರತದ್ದೇ ಸುಳಿವುಗಳಿರುವ ಪದಬಂಧದಲ್ಲಿ ‘ಅರ್ಜುನ (3)’ ಎಂದಷ್ಟೇ ಕೊಟ್ಟಿದ್ದರು. ಯಾವ ಹೆಸರೆಂದು ಬರೆಯಲಿ?

ಉತ್ತರ: ವಿಷಯ ಒಂದೇ ಆದಾಗ ಹೆಸರುಗಳನ್ನು ಅಕ್ಷರದ ಲೆಕ್ಕದಲ್ಲಿ ವಿಂಗಡಿಸಿ ಅಂಚಿನಲ್ಲಿ ಬರೆದುಕೊಳ್ಳಿ. ಎರಡಕ್ಕೆ ಪಾರ್ಥ. ಮೂರಕ್ಕೆ ಕಿರೀಟಿ, ವಿಜಯ, ಫಲ್ಗುಣ. ನಾಲ್ಕಕ್ಕೆ ಧನಂಜಯ, ಸವ್ಯಸಾಚಿ, ಗುಡಾಕೇಶ. ಐದಕ್ಕೆ ಶ್ವೇತವಾಹನ. ಮೂರಕ್ಷರದ ಈ ಮೂರು ಹೆಸರುಗಳು ಯಾವ ಮನೆಯಲ್ಲೂ ಒಂದನ್ನೊಂದು ಹೋಲುವುದಿಲ್ಲ. ಹಾಗಾಗಿ ಹಾದುಹೋಗುವ ಪದದಿಂದ ಒಂದೇ ಒಂದು ಅಕ್ಷರ ಸಿಕ್ಕರೂ ತೀರ್ಮಾನವಾಯಿತು. ಎಚ್ಚರ ಬೇಕಾದ್ದು ಕಾಗುಣಿತದಲ್ಲಿ: ಫಲ್ಗುಣ, ಫಲ್ಗುನ ಎರಡೂ ಬಳಕೆಯಲ್ಲಿವೆ. ಕೊನೆಯ ಮನೆಯನ್ನು ತೆಳುವಾಗಿ ಬರೆದು, ಇಳಿಪದದ ‘ಣ’ ಅಥವಾ ‘ನ’ ಗಟ್ಟಿಯಾದ ಮೇಲೆ ತಿದ್ದಿ. ಸುಳಿವಿನ ವಿಭಕ್ತಿಯನ್ನೂ ನೋಡಿ. ‘ಅರ್ಜುನನ’ ಎಂದಿದ್ದರೆ ಉತ್ತರದ ಕೊನೆಯಲ್ಲೂ ಷಷ್ಠಿ ಪ್ರತ್ಯಯ ಬರಬೇಕು, ಆಗ ‘ಪಾರ್ಥನ’ ಕೂಡ ಮೂರಕ್ಷರವೇ.

ಪ್ರಶ್ನೆ: ಇಂಗ್ಲಿಷ್ ಪದಬಂಧದಲ್ಲಿ ಉತ್ತರ ಖಚಿತವಾಗಿ ಗೊತ್ತಿದ್ದರೂ ಎರಡು ಮನೆ ಕಡಿಮೆ ಬೀಳುತ್ತದೆ. ಅಚ್ಚಿನ ದೋಷವೇ?

ಉತ್ತರ: ದೋಷವಲ್ಲ, ತಂತ್ರ. ರೀಬಸ್ ಎನ್ನುತ್ತಾರೆ: ಒಂದೇ ಮನೆಗೆ ಹಲವು ಅಕ್ಷರ. ‘ಲೊಕೇಟ್’ ಪದದ ನಡುವೆ ಸಿ-ಎ-ಟಿ, ಅಂದರೆ ‘ಕ್ಯಾಟ್’ ಇದೆ. ಆ ಮೂರನ್ನೂ ಒಂದೇ ಮನೆಗೆ ತುರುಕಿದರೆ ಆರಕ್ಷರದ ಪದಕ್ಕೆ ನಾಲ್ಕೇ ಮನೆ ಸಾಕು. ಖಾತ್ರಿಗೆ ಅದೇ ಮನೆಯಿಂದ ಹಾಯುವ ಇಳಿಪದ ನೋಡಿ. ಅದು ‘ಎಜುಕೇಟ್’ ಆಗಿ ಅಲ್ಲೂ ಸಿ-ಎ-ಟಿ ಬಂದರೆ ಬೆಕ್ಕು ಸಿಕ್ಕಿತು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇಂಥ ಕಿತಾಪತಿಗೆ ಹೆಸರಾದ ದಿನ ಗುರುವಾರ. ಶನಿವಾರ ಸಾಮಾನ್ಯವಾಗಿ ಥೀಮೇ ಇರುವುದಿಲ್ಲ, ಹುಡುಕಿ ದಣಿಯಬೇಡಿ. ವಾರದ ದಿನಗಳ ಚೌಕ ಸಾಮಾನ್ಯವಾಗಿ 15×15, ಭಾನುವಾರದ್ದು 21×21. ಬಹುಪಾಲು ಚೌಕಗಳ ಕಪ್ಪು ಮನೆಗಳು 180 ಡಿಗ್ರಿ ತಿರುಗಿಸಿದರೂ ಹಾಗೆಯೇ ಕಾಣುತ್ತವೆ. ಹಾಗಾಗಿ ಮೇಲಿನಿಂದ ಮೂರನೇ ಸಾಲಿನಲ್ಲಿ 11 ಮನೆಯ ಥೀಮ್ ಪದವಿದ್ದರೆ, ಕೆಳಗಿನಿಂದ ಮೂರನೇ ಸಾಲಿನಲ್ಲಿ ಅಷ್ಟೇ ಉದ್ದದ ಜೋಡಿ ಕಾದಿರುತ್ತದೆ. ಗುಟ್ಟು ಬಿಚ್ಚುವ ಪದ ಇದ್ದರೆ ಹೆಚ್ಚಾಗಿ ಕೆಳಭಾಗದಲ್ಲಿ. ತೀರಾ ಸಿಕ್ಕಿಬಿದ್ದಾಗ ಮೊದಲು ಅದನ್ನೇ ಹಿಡಿಯಬಹುದು, ತಪ್ಪೇನಿಲ್ಲ.

ಪ್ರಶ್ನೆ: ಒಂದು ಮೂಲೆ ಪೂರ್ತಿ ನಿಂತುಹೋದರೆ?

ಉತ್ತರ: ಅಲ್ಲೊಂದು ತಪ್ಪು ಪದ ಕೂತಿರಬಹುದು. ಹಾದುಹೋಗುವ ಯಾವ ಪದದ ಬೆಂಬಲವೂ ಇಲ್ಲದೆ ಬರೆದದ್ದನ್ನು ಮೊದಲು ಅಳಿಸಿ, ಅದು ನಿಮಗೆ ಎಷ್ಟೇ ಇಷ್ಟದ ಉತ್ತರವಾಗಿದ್ದರೂ.